ತೊನ್ನಿಗೆ ಪಥ್ಯ, ಮಾತ್ರೆ: ಯಾವುದನ್ನ ಇಟ್ಕೊಳ್ಳಲಿ, ಯಾವುದನ್ನ ಬಿಡಲಿ?

ಚಿಲ್ಲರೆ ಇಲ್ಲ · ಭಾನುವಾರ ರಾತ್ರಿ 9:40

ಎಲ್ಲರಿಗೂ ನಮಸ್ಕಾರ. ಮಾತಾಡಿದ್ರೆ ತಾನೇ ಬರ್ಕೊಳ್ಳೋ ಹಾಗೆ ಮಗಳು ಮೊಬೈಲಿನಲ್ಲಿ ಮಾಡಿಕೊಟ್ಟಿದ್ದಾಳೆ. ತಪ್ಪು ಬಿದ್ದಿದ್ರೆ ಮೊಬೈಲಿನದ್ದು, ನನ್ನದಲ್ಲ.

ನಾನು ಬಸ್ ಕಂಡಕ್ಟರ್. ವಯಸ್ಸು 43. ಕಡೂರು ಕಡೆಯವನು. 4 ವರ್ಷದ ಹಿಂದೆ ಬಲಗೈ ತೋರುಬೆರಳಿನ ತುದಿಯಲ್ಲಿ ಉದ್ದಿನಕಾಳಿನಷ್ಟು ಬಿಳಿ ಕಾಣಿಸ್ತು. ದಿನಾ ಟಿಕೆಟ್ ಹರಿದೂ ಹರಿದೂ ಬೆರಳು ಸವೆದಿರಬೇಕು ಅಂದ್ಕೊಂಡು ಸುಮ್ಮನಾದೆ. ಆರು ತಿಂಗಳಲ್ಲಿ ಐದೂ ಬೆರಳಿಗೆ ಬಂತು. ಆಮೇಲೆ ತುಟಿಯ ಎಡಗಡೆ, ಮೊಣಕೈ, ಎಡಭುಜದ ಮೇಲೆ ಒಂದು ಉದ್ದ ಪಟ್ಟೆ. ಡಾಕ್ಟರು ನೋಡಿದ ತಕ್ಷಣ ವಿಟಿಲಿಗೊ ಅಂದ್ರು. ನಮ್ಮಲ್ಲಿ ತೊನ್ನು ಅಂತಾರಲ್ಲ, ಅದೇ.

ಕಂಡಕ್ಟರ್ ಕೆಲಸಕ್ಕೆ ಕೈಯೇ ಮುಖ. ಚಿಲ್ಲರೆ ಕೊಡೋಕೆ ಹೋದ್ರೆ ಕೆಲವರು ಕೈ ಹಿಂದಕ್ಕೆ ಎಳ್ಕೊಂಡು "ಸೀಟಿನ ಮೇಲೆ ಇಡಿ" ಅಂತಾರೆ. ಒಬ್ಬ ಯಜಮಾನರು 13 ರೂಪಾಯಿ ಬಿಟ್ಟೇ ಇಳಿದು ಹೋದ್ರು. 2023ರ ಜೂನಿನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ಹೆಂಗಸರಿಗೆ ಶೂನ್ಯ ಟಿಕೆಟ್ ಆಯ್ತಲ್ಲ, ಅರ್ಧ ಬಸ್ಸಿಗೆ ಚಿಲ್ಲರೆ ಕೊಡೋದೇ ತಪ್ಪಿತು. ಆ ಯೋಜನೆಯಿಂದ ನನಗಾದ ಲಾಭ ಇದು, ಯಾವ ಪೇಪರಿನಲ್ಲೂ ಬಂದಿಲ್ಲ.

ಈಗ ವಿಷಯಕ್ಕೆ ಬರ್ತೀನಿ. ಪರಿಚಯದವರೊಬ್ಬರು ಒಬ್ಬ ನಾಟಿ ವೈದ್ಯರ ಹತ್ರ ಕರ್ಕೊಂಡು ಹೋದ್ರು. ಒಂದು ಮಂಡಲ, ಅಂದ್ರೆ 48 ದಿನ ಪಥ್ಯ ಹೇಳಿದ್ರು. ಹುಳಿ ಇಲ್ಲ, ಬದನೆಕಾಯಿ ಇಲ್ಲ, ಮೀನು ಮೊಟ್ಟೆ ಮಾಂಸ ಇಲ್ಲ, ಉಪ್ಪು ಅರ್ಧ. ಬಿಳಿ ಪದಾರ್ಥ ಯಾವುದೂ ಕೂಡದು: ಹಾಲು, ಮೊಸರು, ಮಜ್ಜಿಗೆ, ಬೆಳ್ಳುಳ್ಳಿ, ಮೂಲಂಗಿ, ಕೊನೆಗೆ ಅನ್ನ ಕೂಡ. ಒಂದು ಮಂಡಲ ಆದ್ಮೇಲೆ ಇನ್ನೊಂದು ಅಂದ್ರು. ಹಾಗೇ 14 ತಿಂಗಳಾಯ್ತು. 68 ಕೆಜಿ ಇದ್ದವನು 59ಕ್ಕೆ ಬಂದಿದ್ದೀನಿ. ನೈಟ್ ಹಾಲ್ಟ್ ಮಾಡೋ ಹಳ್ಳಿಯಲ್ಲಿ ಒಬ್ಬ ಅಜ್ಜಿ ಇದ್ದಾರೆ, ಬಸ್ ನಿಂತ ಕೂಡಲೇ ಡ್ರೈವರಿಗೂ ನನಗೂ ಒಂದೊಂದು ಚೊಂಬು ಮಜ್ಜಿಗೆ ಕಳಿಸ್ತಾರೆ. ನಾನು ಬೇಡ ಬೇಡ ಅಂದೂ ಅಂದೂ ಈಗ ಡ್ರೈವರಿಗೆ ಮಾತ್ರ ಬರುತ್ತೆ. ಅವರ ಮನೇದು ಕುಡಿಯಲ್ಲ ಅಂತ ಬೇರೇನೋ ತಿಳ್ಕೊಂಡಿದ್ದಾರೆ ಅಂತ ಡ್ರೈವರ್ ಹೇಳಿದ. ಬಿಡಿಸಿ ಹೇಳೋಕೆ ನನಗೆ ಬಾಯಿ ಬಂದಿಲ್ಲ.

ಪಥ್ಯ ಒಂದು ಕಡೆ, ಮಾತ್ರೆ ಇನ್ನೊಂದು ಕಡೆ. ನನ್ನ ಷಡ್ಡಕ ಯಾವುದೋ ಚೈನ್ ಕಂಪನಿಯ ಡಬ್ಬಿ ಮಾರ್ತಾನೆ. ಅವನು ಕೊಟ್ಟಿದ್ದು, ನಾನೇ ಮೊಬೈಲಿನಲ್ಲಿ ನೋಡಿ ತರಿಸ್ಕೊಂಡಿದ್ದು ಎಲ್ಲ ಸೇರಿ ಈಗ ನುಂಗ್ತಿರೋದು: ಪ್ರೋಟೀನ್ ಪುಡಿ ಒಂದು ಡಬ್ಬಿ 2,400 ರೂಪಾಯಿ, ಸ್ಪಿರುಲಿನಾ ಅನ್ನೋ ಪಾಚಿ ಮಾತ್ರೆ, ಗಿಂಕೋ ಅನ್ನೋ ಎಲೆಯ ಮಾತ್ರೆ, ಕೂದಲು-ಚರ್ಮ-ಉಗುರು ಅಂತ ಬರೆದಿರೋ 10 ಮಿಲಿಗ್ರಾಂ ಬಯೋಟಿನ್ ಅನ್ನೋ ವಿಟಮಿನ್, ಮತ್ತೆ ವಿಟಮಿನ್ ಡಿ 60,000 ಯೂನಿಟ್. ಆ ಡಿ ಮಾತ್ರೆಯನ್ನ ಡಾಕ್ಟರು ವಾರಕ್ಕೊಂದರಂತೆ 8 ವಾರ ಬರೆದಿದ್ರು. ಷಡ್ಡಕ "ಚರ್ಮದ ಕಾಯಿಲೆಗೆ ಡಬಲ್ ಬೇಕು" ಅಂದ. ವಾರಕ್ಕೆರಡರಂತೆ ಒಂದು ವರ್ಷದಿಂದ ತಗೋತಿದ್ದೀನಿ. ರಾತ್ರಿ ತಾಮ್ರದ ಚೊಂಬಿನಲ್ಲಿಟ್ಟ ನೀರನ್ನ ಬೆಳಿಗ್ಗೆ ಕುಡೀತೀನಿ. ಅದೊಂದಕ್ಕೆ ಖರ್ಚಿಲ್ಲ, ಚೊಂಬು ಮದುವೆದು.

ತಿಂಗಳಿಗೆ 4,000 ರೂಪಾಯಿ ಹತ್ರ ಹೋಗ್ತಿದೆ. ಬಣ್ಣ ಬಂದಿಲ್ಲ. ಮೈಯಲ್ಲಿ ಶಕ್ತಿ ಇಲ್ಲ, ಪಾದ ಜುಮುಜುಮು ಅನ್ನುತ್ತೆ, ಅದು ದಿನವಿಡೀ ನಿಂತು ನಿಂತು ಇರಬಹುದು. ಬಾಯಾರಿಕೆ ಜಾಸ್ತಿ, ಮಲಬದ್ಧತೆ ಬೇರೆ. ಹೋದ ತಿಂಗಳು ಒಂದು ಲ್ಯಾಬಿನಲ್ಲಿ ಥೈರಾಯ್ಡ್ ನೋಡಿಸಿದ್ರೆ ಟಿಎಸ್‌ಎಚ್ 0.31, ಟಿ4 ಸ್ವಲ್ಪ ಜಾಸ್ತಿ ಅಂತ ಬಂತು. ಥೈರಾಯ್ಡ್ ಜಾಸ್ತಿ ಕೆಲಸ ಮಾಡ್ತಿದೆ, ಅದಕ್ಕೇ ತೂಕ ಇಳೀತಿದೆ ಅಂತ ಲ್ಯಾಬಿನ ಹುಡುಗ ಹೇಳಿದ.

ಇಷ್ಟಾದ್ರೂ ಕೇಳ್ತಿರಲಿಲ್ಲ. ಮೊನ್ನೆ ಮನೇಲಿ ಊಟಕ್ಕೆ ಕೂತಾಗ ನಮ್ಮವ್ವ ಮೊಮ್ಮಗಳ ತಟ್ಟೆಯಿಂದ ಮೊಸರಿನ ಬಟ್ಟಲು ಎತ್ತಿಟ್ಟರು. "ನಿಮ್ಮಪ್ಪನ ಹಾಗೆ ಆಗೋದು ಬೇಡ" ಅಂದ್ರು. ಮಗಳು ಸೆಕೆಂಡ್ ಪಿಯುಸಿ ಓದ್ತಿದ್ದಾಳೆ. ಅವಳು ಏನೂ ಅನ್ನಲಿಲ್ಲ, ಸುಮ್ಮನೆ ಸಾರನ್ನ ಕಲಸ್ಕೊಂಡಳು. ನನಗೆ ತುತ್ತು ಇಳೀಲಿಲ್ಲ.

ಊಟಕ್ಕೂ ಇದಕ್ಕೂ ನಿಜವಾಗಿ ಸಂಬಂಧ ಇದೆಯಾ? ಈ ಮಾತ್ರೆಗಳಲ್ಲಿ ಯಾವುದು ಇರಲಿ, ಯಾವುದು ಹೋಗಲಿ? ತಿಳಿದವರು ಹೇಳಿ.

---

ಹೊಲಿಗಿ ಅಕ್ಕ · ಭಾನುವಾರ ರಾತ್ರಿ 10:25

ಅಣ್ಣಾರ, ನಾ ಹುಬ್ಬಳ್ಳಿಯಾಕಿ. ಟೇಲರಿಂಗ್ ಮಾಡ್ತೀನಿ. ನನಗ 19 ವರ್ಷ ಆತ್ರಿ ಇದು ಬಂದು. ಎರಡೂ ಕೈ, ಕುತ್ತಿಗಿ, ಕಣ್ಣಿನ ಸುತ್ತ. ನಿಮ್ಮ ಸೀಟಿನ ಮ್ಯಾಲೆ ಚಿಲ್ಲರೆ ಇಡೂ ಸುದ್ದಿ ಓದಿ ನಗಬೇಕೋ ಅಳಬೇಕೋ ಗೊತ್ತಾಗ್ಲಿಲ್ಲ. ನನ್ನ ಕಡೆ ಬ್ಲೌಸ್ ಹೊಲಿಯಾಕ ಕೊಡೂ ಹೆಣ್ಮಕ್ಕಳೊಳಗ ಒಬ್ಬಾಕಿ "ಅಳತಿ ನೀವು ತಗೋಬ್ಯಾಡ್ರಿ, ಹಳೇ ಬ್ಲೌಸ್ ಕೊಡ್ತೀನಿ" ಅಂತಿದ್ಲು. ಈಗ ಆಕಿ ಮಗಳ ಮದವಿ ಬ್ಲೌಸೂ ನಾನ ಹೊಲದೀನಿ, ಅಳತಿ ತಗೊಂಡ!

ಪಥ್ಯ ನಾನೂ ಮಾಡೀನ್ರಿ. ಮೂರು ತಿಂಗಳ ಉಪ್ಪಿಲ್ಲದ ರೊಟ್ಟಿ, ಉಪ್ಪಿಲ್ಲದ ಪಲ್ಯಾ. ಮಿಷನ್ ಮುಂದ ಕುಂತಾಕಿ ಹಂಗ ಕೆಳಗ ಬಿದ್ದೆ. ದವಾಖಾನ್ಯಾಗ ಸಲಾಯಿನ್ ಹಚ್ಚಿ ಉಪ್ಪ ಮೈಯೊಳಗ ಹಾಕಿದ್ರು! ಅಲ್ಲಿಗೆ ಆ ಪಥ್ಯ ಮುಗೀತು.

ಅದರಕಿಂತ ದೊಡ್ಡ ತಪ್ಪ ಮಾಡಿದ್ದು ಬಾವಂಚಿ ಅನ್ನೂ ಗಿಡದ ಬೀಜದ ಎಣ್ಣಿದು. ಗಿಡಮೂಲಿಕಿ ಅಂದ್ರ ಏನೂ ಆಗೂದಿಲ್ಲ ಅಂತ ತಿಳಕೊಂಡಿದ್ದೆ. ಯಾರನ್ನೂ ಕೇಳದ ಕೈಗೆ ಹಚ್ಚಿಕೊಂಡು ಏಪ್ರಿಲ್ ತಿಂಗಳ ಬಿಸಲಾಗ ಮಾಳಗಿ ಮ್ಯಾಲೆ ಅರ್ಧಾ ತಾಸ ಕುಂತೆ. ರಾತ್ರಿ ನಿಂಬಿಹಣ್ಣಿನಂಥಾ ಗುಳ್ಳಿ ಎದ್ದು ಒಡದು, ಹುಣ್ಣಾಗಿ, ಮಾಯ್ದ ಮ್ಯಾಲೆ ಮದಲಿನಕಿಂತ ಅಗಲ ಬಿಳಿ ಆತು. ಆ ಬೀಜದಾಗ ಔಷಧ ಇರೂದು ಖರೇನ. ಡಾಕ್ಟರೂ ಅದ ಜಾತಿ ಗುಳಿಗಿ ಕೊಟ್ಟು ಬಿಸಲಿಗೆ ಕುಂದರಸ್ತಾರ, ಆದ್ರ ಎಷ್ಟು ಹೊತ್ತು ಅಂತ ಅಳದು ಕುಂದರಸ್ತಾರ. ಹೊಟ್ಟಿಗೆ ಅದರ ಪುಡಿ ತಗೊಂಡು ಲಿವರ್ ಕೆಟ್ಟವರೂ ಇದಾರಂತ. ನಿಮಗ ಯಾರರ ಕೊಟ್ರ ತಗೋಬ್ಯಾಡ್ರಿ.

ಈಗ ನಾ ಜ್ವಾಳದ ರೊಟ್ಟಿ, ಎಣಗಾಯಿ, ಶೇಂಗಾ ಹಿಂಡಿ, ಗಟ್ಟಿ ಮೊಸರು ಎಲ್ಲಾ ತಿಂತೀನಿ. ಹೌದ್ರಿ, ಬದನಿಕಾಯಿ ಎಣಗಾಯಿನ! ಹಿಂದಿನ ಆರು ವರ್ಷದಾಗ ಒಂದೂ ಹೊಸಾ ಮಚ್ಚಿ ಬಂದಿಲ್ಲ. ತಿಂದಿದ್ದಕ್ಕ ನಿಂತೈತಿ ಅಂತ ಹೇಳೂದಿಲ್ಲ, ತಿಂದ್ರ ಹೆಚ್ಚಾಗಿಲ್ಲ ಅಂತಷ್ಟ ಹೇಳ್ತೀನಿ. ನನಗ ಇಬ್ಬರು ಮಕ್ಕಳು, ಒಬ್ಬಾಂವಗ 17, ಒಬ್ಬಾಕಿಗೆ 14. ಇಬ್ಬರಿಗೂ ಇಲ್ಲ. ನಿಮ್ಮ ಮಗಳಿಗೆ ಇವತ್ತ ಮೊಸರ ಬಡಸ್ರಿ.

---

ಶುದ್ಧ ಗಿಡಮೂಲಿಕೆ · ಸೋಮವಾರ ಬೆಳಿಗ್ಗೆ 7:02

ನಮಸ್ತೆ ಸರ್, ರಕ್ತ ಕೆಟ್ಟಿರುವುದೇ ಇದಕ್ಕೆ ಮೂಲ. ನಮ್ಮಲ್ಲಿ 90 ದಿನಗಳ ರಕ್ತಶುದ್ಧಿ ಕಿಟ್ ಇದೆ, ಖಾತರಿ ಫಲಿತಾಂಶ. ಸಾವಿರಾರು ಜನ ಗುಣಮುಖ. ವಿಳಾಸಕ್ಕೆ ಇನ್‌ಬಾಕ್ಸ್ ಮಾಡಿ.

---

ಹೊಲಿಗಿ ಅಕ್ಕ · ಸೋಮವಾರ ಬೆಳಿಗ್ಗೆ 7:15

@ಶುದ್ಧ ಗಿಡಮೂಲಿಕೆ: ಖಾತರಿ ಅಂದ್ರ ರೊಕ್ಕಾ ವಾಪಸ್ ಕೊಡೂ ಖಾತರಿ ಏನ್ರಿ? ಬರದು ಕೊಡ್ರಿ ಇಲ್ಲೆ, ಎಲ್ಲಾರ ಮುಂದ.

---

ರಕ್ತದ ಟ್ಯೂಬು · ಸೋಮವಾರ ಮಧ್ಯಾಹ್ನ 1:48

ನಾನು ಹಾಸನದಲ್ಲಿ ಲ್ಯಾಬ್ ಟೆಕ್ನಿಷಿಯನ್. ಚರ್ಮದ ವಿಷಯ ನನಗೆ ಗೊತ್ತಿಲ್ಲ, ಅದನ್ನ ಬೇರೆಯವರು ಹೇಳಲಿ. ಆದ್ರೆ ನಿಮ್ಮ ಪಟ್ಟಿಯಲ್ಲಿ ಒಂದು ಹೆಸರು ನೋಡಿ ಊಟದ ಡಬ್ಬಿ ಪಕ್ಕಕ್ಕಿಟ್ಟು ಬರೀತಿದ್ದೀನಿ.

ಬಯೋಟಿನ್ 10 ಮಿಲಿಗ್ರಾಂ. ರಕ್ತ ಕೊಟ್ಟ ದಿನ ಅದನ್ನ ನುಂಗಿದ್ರಾ?

ಯಾಕೆ ಕೇಳ್ತಿದ್ದೀನಿ ಅಂದ್ರೆ, ಥೈರಾಯ್ಡ್ ಅಳೆಯೋ ಬಹಳಷ್ಟು ಮೆಷಿನ್ನುಗಳ ಒಳಗೆ ಬಯೋಟಿನ್ನನ್ನೇ ಗೋಂದಿನ ಹಾಗೆ ಬಳಸ್ತಾರೆ. ನಿಮ್ಮ ರಕ್ತದಲ್ಲೇ ಬಯೋಟಿನ್ ತುಂಬಿದ್ರೆ ಆ ಗೋಂದಿನ ಜಾಗವನ್ನ ಅದೇ ಹಿಡ್ಕೊಂಡುಬಿಡುತ್ತೆ. ಆಗ ಟಿಎಸ್‌ಎಚ್ ಇರೋದಕ್ಕಿಂತ ಕಡಿಮೆ, ಟಿ4 ಇರೋದಕ್ಕಿಂತ ಜಾಸ್ತಿ ತೋರಿಸುತ್ತೆ. ಟಿಎಸ್‌ಎಚ್ ಲೆಕ್ಕ ಉಲ್ಟಾ: ಥೈರಾಯ್ಡ್ ಜೋರಾದ್ರೆ ಅದು ಇಳಿಯುತ್ತೆ, ಕುಂಟಿದ್ರೆ ಏರುತ್ತೆ. ಹಾಗಾಗಿ ರಿಪೋರ್ಟ್ ನೋಡಿದವರಿಗೆ ಥೈರಾಯ್ಡ್ ಜೋರಾಗಿದೆ ಅನ್ನಿಸುತ್ತೆ. ನಿಮ್ಮದು ಅಚ್ಚು ಹಾಗೇ ಇದೆ. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2017ರಲ್ಲೇ ಇದರ ಬಗ್ಗೆ ಎಚ್ಚರಿಕೆ ಕೊಟ್ಟಿತ್ತು. ಹೃದಯಾಘಾತ ನೋಡೋ ಟ್ರೋಪೋನಿನ್ ಪರೀಕ್ಷೆ ಕೂಡ ಹೀಗೆ ತಪ್ಪಬಹುದು, ಅದು ಇನ್ನೂ ಭಯದ ವಿಷಯ.

ನಮ್ಮ ಕೌಂಟರಿನಲ್ಲಿ "ಏನಾದ್ರೂ ಮಾತ್ರೆ ತಗೋತೀರಾ?" ಅಂತ ಕೇಳಿದ್ರೆ ಹತ್ತರಲ್ಲಿ ಒಂಬತ್ತು ಜನ ಇಲ್ಲ ಅಂತಾರೆ. ವಿಟಮಿನ್ನು ಮಾತ್ರೆ ಅಂತ ಅವರ ಲೆಕ್ಕದಲ್ಲೇ ಇರೋದಿಲ್ಲ.

ಬಯೋಟಿನ್ ನಿಲ್ಲಿಸಿ. ಎರಡು ದಿನ ಬಿಟ್ರೆ ಸಾಕಾಗಬಹುದು, ನೀವು ಒಂದು ವಾರ ಬಿಟ್ಟು ಮತ್ತೆ ಟಿಎಸ್‌ಎಚ್ ಕೊಡಿ. ಅದರ ಜೊತೆ ಆಂಟಿ-ಟಿಪಿಓ (ನಮ್ಮ ದೇಹವೇ ಥೈರಾಯ್ಡ್ ಮೇಲೆ ದಾಳಿ ಮಾಡ್ತಿದೆಯಾ ಅಂತ ನೋಡೋ ಪರೀಕ್ಷೆ), ಬಿ12, ವಿಟಮಿನ್ ಡಿ, ಕ್ಯಾಲ್ಸಿಯಂ, ಹಿಮೋಗ್ಲೋಬಿನ್ ನೋಡಿಸ್ಬಹುದಾ ಅಂತ ಡಾಕ್ಟರನ್ನ ಕೇಳಿ. ಪಾದ ಜುಮುಜುಮು, ಬಾಯಾರಿಕೆ, ಮಲಬದ್ಧತೆ ಅಂತ ಬರೆದಿದ್ದೀರಲ್ಲ, ಅದನ್ನೂ ಅವರಿಗೆ ಹೇಳಿ. ಬರೀ ನಿಂತು ನಿಂತು ಬಂದಿದ್ದು ಅಂತ ನೀವೇ ತೀರ್ಮಾನ ಮಾಡ್ಬೇಡಿ.

---

ಮೂರನೇ ಮೇಜು · ಸೋಮವಾರ ರಾತ್ರಿ 11:30

ಮೈಸೂರಿನಲ್ಲಿ ಚರ್ಮರೋಗ ವಿಭಾಗದಲ್ಲಿ ಪಿಜಿ ಮಾಡುತ್ತಿದ್ದೇನೆ. ಓಪಿಡಿಯಲ್ಲಿ ಮೂರನೇ ಮೇಜು ನನ್ನದು. ನಿಮ್ಮನ್ನು ನೋಡದೆ ಮದ್ದು ಹೇಳಲಾರೆ ಸರ್, ವಿಷಯ ಮಾತ್ರ ಹೇಳುತ್ತೇನೆ. ಮೇಲಿನ ಲ್ಯಾಬಿನವರ ಮಾತು ನೂರಕ್ಕೆ ನೂರು ಸರಿ.

ಮೊದಲು ಇದು ಏನು ಅಂತ ನಿಮ್ಮ ಭಾಷೆಯಲ್ಲೇ ಹೇಳಿಬಿಡುತ್ತೇನೆ. ಬಸ್ ನಿಂತಿರುವುದು ಡೀಸೆಲ್ ಇಲ್ಲದೆ ಅಲ್ಲ. ಯಾರೋ ಇಂಜಿನ್ನಿಗೆ ಕಲ್ಲು ಹೊಡೆಯುತ್ತಿದ್ದಾರೆ, ಅದಕ್ಕೆ ನಿಂತಿದೆ. ಚರ್ಮಕ್ಕೆ ಬಣ್ಣ ಕೊಡುವ ಜೀವಕೋಶಗಳ ಮೇಲೆ ನಮ್ಮದೇ ದೇಹದ ರಕ್ಷಣಾ ಕೋಶಗಳು ದಾಳಿ ಮಾಡುತ್ತವೆ. ಹಾಗಾಗಿ ಬಣ್ಣಕ್ಕೆ ಬೇಕಾದ ಸಾಮಾನನ್ನು ಎಷ್ಟು ತುಂಬಿದರೂ ದಾಳಿ ನಿಲ್ಲುವುದಿಲ್ಲ. ತಾಮ್ರದ ಚೊಂಬಿನ ಕಥೆಯೂ ಇಷ್ಟೇ. ಬಣ್ಣ ತಯಾರಿಸುವ ಟೈರೋಸಿನೇಸ್ ಕಿಣ್ವದಲ್ಲಿ ತಾಮ್ರ ಇರುವುದು ನಿಜ. ಆದರೆ ತಾಮ್ರದ ಕೊರತೆ ಜನರಲ್ಲಿ ತೀರಾ ಅಪರೂಪ, ನಮ್ಮ ಕಾಳು-ಬೇಳೆ, ಎಳ್ಳು, ಶೇಂಗಾದಲ್ಲೇ ಬೇಕಾದಷ್ಟಿದೆ. ಮದುವೆಯ ಚೊಂಬು, ನೀರು ಕುಡಿಯಿರಿ, ಬಣ್ಣ ಕೇಳಬೇಡಿ. ಹುಳಿ ಮಜ್ಜಿಗೆ, ನಿಂಬೆರಸ ಮಾತ್ರ ಅದರಲ್ಲಿ ಇಡಬೇಡಿ.

ಇದು ಕುಷ್ಠ ಅಲ್ಲ. ಶ್ವೇತಕುಷ್ಠ ಎಂಬ ಹಳೆಯ ಹೆಸರು ಮಾಡಿದಷ್ಟು ಹಾನಿಯನ್ನು ಬೇರಾವುದೂ ಮಾಡಿಲ್ಲ. ಮುಟ್ಟಿದರೆ ಹರಡುವುದಿಲ್ಲ, ಚಿಲ್ಲರೆಯಿಂದಂತೂ ಅಲ್ಲವೇ ಅಲ್ಲ. ಅಪ್ಪ ಅಥವಾ ಅಮ್ಮನಿಗೆ ಇದ್ದರೆ ಮಕ್ಕಳಲ್ಲಿ ನೂರಕ್ಕೆ ಐದಾರು ಜನಕ್ಕೆ ಬರಬಹುದು, ಉಳಿದವರಿಗೆ ಬರುವುದಿಲ್ಲ. ಮೊಸರಿನಿಂದ ಅದು ಹೆಚ್ಚೂ ಆಗದು, ಕಡಿಮೆಯೂ ಆಗದು.

ಈಗ ಹುಳಿಯ ವಿಷಯ. ನಿಂಬೆಯಂಥ ಹುಳಿ ಹಣ್ಣಿನಲ್ಲಿರುವ ವಿಟಮಿನ್ ಸಿ ಬಣ್ಣ ಕಡಿಮೆ ಮಾಡುತ್ತದೆ ಎಂಬ ಭಯ ಬಂದದ್ದು ಬಿಳುಪಾಗಿಸುವ ಕ್ರೀಮುಗಳಲ್ಲಿ ಅದನ್ನು ಹಾಕುವುದರಿಂದ ಇರಬಹುದು. ಹುಣಸೆಹಣ್ಣು, ಟೊಮೆಟೊ, ನಿಂಬೆ ತಿಂದರೆ ತೊನ್ನು ಹೆಚ್ಚುತ್ತದೆ ಎನ್ನಲು ಆಧಾರವಿಲ್ಲ. ತಮಾಷೆ ನೋಡಿ: 2007ರಲ್ಲಿ ರೋಮ್ ನಗರದ ವೈದ್ಯರು ಬೆಳಕಿನ ಚಿಕಿತ್ಸೆಯ (ಚರ್ಮಕ್ಕೆ ಅಳೆದು ನೇರಳಾತೀತ ಬೆಳಕು ಕೊಡುವುದು) ಜೊತೆ ಆಂಟಿಆಕ್ಸಿಡೆಂಟ್ ಮಾತ್ರೆ ಕೊಟ್ಟು ನೋಡಿದರು. ಆ ಮಾತ್ರೆಯಲ್ಲಿ ಆಲ್ಫಾ ಲಿಪೋಯಿಕ್ ಆಸಿಡ್, ವಿಟಮಿನ್ ಇ ಜೊತೆಗೆ ಇದ್ದದ್ದು ಇದೇ ವಿಟಮಿನ್ ಸಿ! ಮುಕ್ಕಾಲಿಗಿಂತ ಹೆಚ್ಚು ಬಣ್ಣ ಮರಳಿದವರು ಮಾತ್ರೆಯ ಗುಂಪಿನಲ್ಲಿ ನೂರಕ್ಕೆ 47, ಬರೀ ಬೆಳಕಿನ ಗುಂಪಿನಲ್ಲಿ 18. ಆದರೆ ಕೊನೆತನಕ ಉಳಿದವರು 28 ಜನ. ಇಷ್ಟು ಚಿಕ್ಕ ಲೆಕ್ಕದ ಮೇಲೆ ನಾನು ಯಾರ ಜೇಬಿಗೂ ಕೈ ಹಾಕಿಸುವುದಿಲ್ಲ.

ಹಾಲು-ಮೀನು ಜೊತೆಗೆ ತಿಂದರೆ ತೊನ್ನು ಬರುತ್ತದೆ ಅಂತ ನಿಮಗೂ ಯಾರಾದರೂ ಹೇಳಿರುತ್ತಾರೆ. ನಾನು ಕುಂದಾಪುರದವಳು, ಮೀನು ಸಾರು ಉಂಡು ಮಜ್ಜಿಗೆ ಅನ್ನದಲ್ಲಿ ಊಟ ಮುಗಿಸಿ ಬೆಳೆದವಳು. ಬಂಗಾಳದಲ್ಲಿ ಮೀನನ್ನು ಮೊಸರಿನಲ್ಲೇ ಬೇಯಿಸುತ್ತಾರೆ. ಅದು ನಿಜವಾಗಿದ್ದರೆ ಕೊಲ್ಕತ್ತ ಪೂರ್ತಿ ಬಿಳಿಯಾಗಿರಬೇಕಿತ್ತು.

ಗಿಂಕೋ ಬಗ್ಗೆ ನಮ್ಮ ದೇಶದ್ದೇ ಕೆಲಸ ಇದೆ. 2003ರಲ್ಲಿ ಚಂಡೀಗಢದ ಪಿಜಿಐ ಆಸ್ಪತ್ರೆಯ ವೈದ್ಯರು 47 ಜನರ ಮೇಲಿನ ಪ್ರಯೋಗ ಪ್ರಕಟಿಸಿದರು. 40 ಮಿಲಿಗ್ರಾಂ ದಿನಕ್ಕೆ ಮೂರು ಸಲ. ನಿಧಾನವಾಗಿ ಹರಡುತ್ತಿದ್ದವರಲ್ಲಿ ಹರಡುವುದು ಹೆಚ್ಚಿನ ಮಂದಿಗೆ ನಿಂತಿತು, ಕೆಲವರಿಗೆ ಬಣ್ಣವೂ ಬಂತು. ಹಾಗಾಗಿ ಇದನ್ನು ಪೂರ್ತಿ ಬುರುಡೆ ಎನ್ನಲಾರೆ. ಆದರೆ ಇದೂ ಚಿಕ್ಕ ಪ್ರಯೋಗ. ಮೇಲಾಗಿ ಗಿಂಕೋ ರಕ್ತಸ್ರಾವದ ಅಪಾಯ ಹೆಚ್ಚಿಸಬಹುದು. ಆಸ್ಪಿರಿನ್ ಅಥವಾ ರಕ್ತ ತೆಳುಮಾಡುವ ಗುಳಿಗೆ ತಗೊಳ್ಳುವವರು, ಹಲ್ಲು ಕೀಳಿಸುವವರು, ಆಪರೇಷನ್ ಇರುವವರು ಹೇಳದೆ ನುಂಗಬಾರದು.

ಬಿ12 ಮತ್ತು ಫೋಲಿಕ್ ಆಸಿಡ್ ಕಥೆ ಸ್ವಾರಸ್ಯದ್ದು. 1997ರಲ್ಲಿ ಸ್ವೀಡನ್ನಿನವರು ನೂರು ಜನರಿಗೆ ಇವನ್ನು ಕೊಟ್ಟು ಬಿಸಿಲಿಗೆ ಕಳಿಸಿದರು, ಅರ್ಧದಷ್ಟು ಜನರಿಗೆ ಸ್ವಲ್ಪವಾದರೂ ಬಣ್ಣ ಬಂತು. ಎಲ್ಲರಿಗೂ ಖುಷಿ. 2002ರಲ್ಲಿ ನೆದರ್‌ಲ್ಯಾಂಡ್ಸಿನವರು ಒಂದು ಗುಂಪಿಗೆ ಬರೀ ಬೆಳಕು, ಇನ್ನೊಂದಕ್ಕೆ ಬೆಳಕಿನ ಜೊತೆ ಈ ವಿಟಮಿನ್ ಕೊಟ್ಟು ನೋಡಿದರೆ ವ್ಯತ್ಯಾಸವೇ ಇಲ್ಲ. ಕೆಲಸ ಮಾಡಿದ್ದು ಬೆಳಕು. ಆದರೂ ನಿಮಗೆ ಬಿ12 ನೋಡಿಸಲೇಬೇಕು, ಕಾರಣ ಬೇರೆ. ತೊನ್ನು ಇರುವವರಲ್ಲಿ ಥೈರಾಯ್ಡ್ ಮೇಲೆ, ಹೊಟ್ಟೆಯ ಒಳಪದರದ ಮೇಲೆ ಇದೇ ಬಗೆಯ ದಾಳಿ ಆಗುವ ಸಾಧ್ಯತೆ ಬೇರೆಯವರಿಗಿಂತ ಜಾಸ್ತಿ. ಹೊಟ್ಟೆ ಕೆಟ್ಟರೆ ಬಿ12 ಮೈಗೆ ಹತ್ತುವುದಿಲ್ಲ. ನೀವು ಮೇಲಿಂದ ಹಾಲು, ಮೊಟ್ಟೆ, ಮಾಂಸ ಎಲ್ಲ ಬಿಟ್ಟಿದ್ದೀರಿ. ಪಾದದ ಜುಮುಜುಮು ನನಗೆ ಇಷ್ಟವಾಗಲಿಲ್ಲ.

ಅದಕ್ಕಿಂತಲೂ ಇಷ್ಟವಾಗದ್ದು ನಿಮ್ಮ ಷಡ್ಡಕರ ಡಬಲ್ ಡೋಸ್. ವಾರಕ್ಕೆ 1,20,000 ಯೂನಿಟ್ ಒಂದು ವರ್ಷ! ವಿಟಮಿನ್ ಡಿ ನೀರಿನಲ್ಲಿ ಕರಗಿ ಮೂತ್ರದಲ್ಲಿ ಹೋಗುವಂಥದ್ದಲ್ಲ, ಕೊಬ್ಬಿನಲ್ಲಿ ಕೂರುತ್ತದೆ. ಮಿತಿಮೀರಿದರೆ ರಕ್ತದಲ್ಲಿ ಕ್ಯಾಲ್ಸಿಯಂ ಏರಿ ಬಾಯಾರಿಕೆ, ಮಲಬದ್ಧತೆ, ವಾಂತಿ, ಕೊನೆಗೆ ಕಿಡ್ನಿಗೂ ಪೆಟ್ಟು. ನಿಮ್ಮ ಎರಡು ಲಕ್ಷಣ ಇದರಲ್ಲೇ ಬಂದವು. ಬ್ರೆಜಿಲ್‌ನಲ್ಲಿ ದಿನಕ್ಕೆ 35,000 ಯೂನಿಟ್ ಕೊಟ್ಟ ಒಂದು ಪುಟ್ಟ ಪ್ರಯೋಗ 2013ರಲ್ಲಿ ಬಂದಿದೆ, ಮೊಬೈಲಿನಲ್ಲಿ ಎಲ್ಲರೂ ಅದನ್ನೇ ತೋರಿಸುತ್ತಾರೆ. ಅಲ್ಲಿ ಹಾಲಿನ ಪದಾರ್ಥ ಬಿಡಿಸಿ, ನೀರು ಅಳೆದು ಕುಡಿಸಿ, ರಕ್ತ ನೋಡಿ ಕೊಟ್ಟಿದ್ದರು ಎಂಬುದನ್ನು ಯಾರೂ ತೋರಿಸುವುದಿಲ್ಲ. ಡಿ ಇಂದೇ ನಿಲ್ಲಿಸಿ, ನಾಳೆಯೇ ಕ್ಯಾಲ್ಸಿಯಂ ನೋಡಿಸಿ.

ಪ್ರೋಟೀನ್ ಪುಡಿ, ಸ್ಪಿರುಲಿನಾ ಬಗ್ಗೆ ಹೇಳುವುದೇನೂ ಇಲ್ಲ. ರಾಗಿಮುದ್ದೆಗೆ ಹುರುಳಿ ಕಟ್ಟಿನ ಸಾರು, ಎರಡು ಮೊಟ್ಟೆ, ಮೊಸರು. 2,400 ರೂಪಾಯಿ ಉಳಿಯಿತು.

ಇನ್ನೊಂದು, ಊಟಕ್ಕೆ ಸಂಬಂಧಿಸಿದ್ದಲ್ಲ. ಎಡಭುಜದ ಮೇಲೆ ಉದ್ದ ಪಟ್ಟೆ ಅಂದಿರಿ. ಕ್ಯಾಶ್ ಬ್ಯಾಗಿನ ಪಟ್ಟಿ ಅಲ್ಲೇ ಬರುತ್ತದಾ? ಪದೇ ಪದೇ ಉಜ್ಜಿದ ಜಾಗದಲ್ಲಿ ಹೊಸ ಬಿಳಿ ಹುಟ್ಟುವುದು ಈ ಕಾಯಿಲೆಯ ಗುಣ. ಹೆಂಗಸರಲ್ಲಿ ಸೊಂಟದಲ್ಲಿ ಲಂಗದ ಲಾಡಿ ಬಿಗಿದ ಕಡೆ ನೋಡುತ್ತೇವೆ. ಹಣೆಯ ಮೇಲೆ ಸ್ಟಿಕ್ಕರ್ ಬಿಂದಿಯ ಗೋಂದಿನಿಂದ, ಪಾದದ ಮೇಲೆ ರಬ್ಬರ್ ಚಪ್ಪಲಿಯ ಪಟ್ಟಿಯಿಂದ ಬರುವುದು ಬೇರೆ ಬಗೆ, ಅದು ರಾಸಾಯನಿಕದ ಕೆಲಸ. ಪಥ್ಯ ಮಾಡಲೇಬೇಕು ಅನ್ನಿಸಿದರೆ ಆ ಬ್ಯಾಗಿನ ಪಟ್ಟಿಗೆ ಮಾಡಿಸಿ.

ಚಿಕಿತ್ಸೆ ಇದೆ. ಮುಖಕ್ಕೆ ಟ್ಯಾಕ್ರೋಲಿಮಸ್‌ನಂಥ ಮುಲಾಮು, ಮೈಗೆ 311 ನ್ಯಾನೋಮೀಟರಿನ ನ್ಯಾರೋಬ್ಯಾಂಡ್ ಬೆಳಕು, ವಾರಕ್ಕೆ ಎರಡು ಮೂರು ಸಲ. ಬೆರಳ ತುದಿ, ತುಟಿ ಹಠಮಾರಿ ಜಾಗಗಳು, ಅಲ್ಲಿ ಕೂದಲ ಬುಡ ಇಲ್ಲದ್ದರಿಂದ ಬಣ್ಣ ಬರುವುದು ಕಷ್ಟ. ಭುಜ, ಮೊಣಕೈಗೆ ಆಸೆ ಇಟ್ಟುಕೊಳ್ಳಬಹುದು. ಕಡಿಮೆಯೆಂದರೂ 48 ಸಲ ಬೆಳಕು ಕೊಡದೆ ಕೆಲಸ ಮಾಡಲಿಲ್ಲ ಎನ್ನಬಾರದು ಅಂತ ನಮಗೆ ಕಲಿಸುತ್ತಾರೆ. ನೀವು 14 ತಿಂಗಳು ಮಂಡಲದ ಮೇಲೆ ಮಂಡಲ ಪಥ್ಯ ಮಾಡಿದವರು. ಇದೂ ಒಂದು ಮಂಡಲ ಅಂದುಕೊಳ್ಳಿ.

---

ಚಿಲ್ಲರೆ ಇಲ್ಲ · ಮಂಗಳವಾರ ರಾತ್ರಿ 10:05

ಮೇಡಂ, ಅಕ್ಕ, ಲ್ಯಾಬಿನವರು, ಎಲ್ಲರಿಗೂ ಕೈ ಮುಗಿದೆ. ಬಯೋಟಿನ್ ಆ ದಿನ ಬೆಳಿಗ್ಗೆ ನುಂಗಿಯೇ ರಕ್ತ ಕೊಟ್ಟಿದ್ದೆ. ಬ್ಯಾಗಿನ ಪಟ್ಟಿಯ ವಿಷಯ ಓದಿ ಅಂಗಿ ಬಿಚ್ಚಿ ಕನ್ನಡಿ ಮುಂದೆ ಬ್ಯಾಗ್ ಹಾಕ್ಕೊಂಡು ನಿಂತೆ. ಬ್ಯಾಗಿನ ಪಟ್ಟಿ ಸರಿಯಾಗಿ ಆ ಬಿಳಿ ಪಟ್ಟೆಯ ಮೇಲೇ ಅಚ್ಚು ಒತ್ತಿದ ಹಾಗೆ ಕೂತಿತು. ನನ್ನ ಹೆಂಡತಿ ನೋಡಿ "ಅಯ್ಯೋ ಶಿವನೇ" ಅಂದಳು.

ಎಲ್ಲ ಡಬ್ಬಿಗಳನ್ನ ಒಂದು ಕವರಿಗೆ ಹಾಕಿ ಷಡ್ಡಕನ ಮನೆಗೆ ಕೊಟ್ಟು ಬಂದೆ. ಗಿಂಕೋ ಮಾತ್ರ ಇಟ್ಕೊಂಡಿದ್ದೀನಿ, ಡಾಕ್ಟರಿಗೆ ತೋರಿಸ್ತೀನಿ. ರಕ್ತ ಕೊಟ್ಟ ಮೇಲೆ ಬರೀತೀನಿ.

---

ಚಿಲ್ಲರೆ ಇಲ್ಲ · ಏಳು ವಾರದ ನಂತರ, ಶನಿವಾರ ರಾತ್ರಿ 9:15

ಬರೀತೀನಿ ಅಂದು ಮರೆತವನಲ್ಲ, ಜಾತ್ರೆ ಸ್ಪೆಷಲ್ ಡ್ಯೂಟಿ ಇತ್ತು.

ರಿಪೋರ್ಟ್ ಹೇಳ್ತೀನಿ. ಬಯೋಟಿನ್ ಬಿಟ್ಟು ಒಂಬತ್ತನೇ ದಿನಕ್ಕೆ ಟಿಎಸ್‌ಎಚ್ 6.9! ಜಾಸ್ತಿ ಕೆಲಸ ಮಾಡ್ತಿದೆ ಅಂದಿದ್ದ ಥೈರಾಯ್ಡ್ ನಿಜವಾಗಿ ಕುಂಟ್ತಾ ಇತ್ತು. ಆಂಟಿ-ಟಿಪಿಓ ಕೂಡ ಇದೆ. ಸಣ್ಣ ಡೋಸ್ ಗುಳಿಗೆ ಶುರು ಮಾಡಿದ್ದಾರೆ. ಎದ್ದ ತಕ್ಷಣ ಖಾಲಿ ಹೊಟ್ಟೆಗೆ ನುಂಗಿ ಒಂದು ಗಂಟೆ ಕಾಫಿ ಕುಡಿಯೋ ಹಾಗಿಲ್ಲ ಅಂದ್ರು. ಮಾತ್ರೆ ನುಂಗೋದು ಸುಲಭ, 5:40ರ ಟ್ರಿಪ್ ಇರೋನಿಗೆ ಆ ಒಂದು ಗಂಟೆ ಕಷ್ಟ. ಕಾಫಿಯನ್ನ ಬೀರೂರು ಸ್ಟ್ಯಾಂಡಿಗೆ ತಳ್ಳಿದ್ದೀನಿ.

ಬಿ12 142. ಇಂಜೆಕ್ಷನ್ ಕೊಡ್ತಿದ್ದಾರೆ, ಪಾದದ ಜುಮುಜುಮು ಮುಕ್ಕಾಲು ಹೋಯ್ತು. ವಿಟಮಿನ್ ಡಿ 118, ಕ್ಯಾಲ್ಸಿಯಂ ಮೇಲಿನ ಗೆರೆ ಮುಟ್ಟಿ ನಿಂತಿತ್ತು. ಡಾಕ್ಟರು ಚೀಟಿ ನೋಡಿ "ಇಷ್ಟು ಯಾರ್ರೀ ಬರೆದಿದ್ದು?" ಅಂತ ಕೇಳಿದ್ರು. ಷಡ್ಡಕ ಅಂತ ಹೇಳೋಕೆ ನಾಚಿಕೆ ಆಯ್ತು, ಹೇಳಿದೆ. ಹೋದ ವಾರ ಮತ್ತೆ ನೋಡಿದಾಗ ಕ್ಯಾಲ್ಸಿಯಂ ಸರಿಗೆ ಬಂದಿದೆ. ಗಿಂಕೋ ಸದ್ಯಕ್ಕೆ ಬೇಡ, ಒಂದು ಸಲಕ್ಕೆ ಒಂದು ಕೆಲಸ ಅಂದ್ರು.

ಬೆಳಕಿನ ಚಿಕಿತ್ಸೆ 14 ಸಲ ಆಯ್ತು. ರಜೆ ದಿನ ಒಂದು, ಮಧ್ಯಾಹ್ನದ ಪಾಳಿ ಇದ್ದ ದಿನ ಒಂದು. ಬೆರಳು ಹಾಗೇ ಇದೆ. ಆದ್ರೆ ಮೊಣಕೈಯಲ್ಲಿ ಕೂದಲಿನ ಬುಡಕ್ಕೆ ಸಾಸಿವೆ ಚೆಲ್ಲಿದ ಹಾಗೆ ಐದಾರು ಕಪ್ಪು ಚುಕ್ಕೆ ಬಂದಿವೆ. ಮಗಳು ದಿನಾ ಎಣಿಸ್ತಾಳೆ. ನಿನ್ನೆ ಒಂಬತ್ತು ಅಂದಳು, ನನ್ನ ಲೆಕ್ಕದಲ್ಲಿ ಏಳು. ತೂಕ 62.

ಮೊಸರು ಮನೇಲಿ ಎಲ್ಲರ ತಟ್ಟೆಗೂ ಬರ್ತಿದೆ. ಅವ್ವ ಇನ್ನೂ ಒಪ್ಪಿಲ್ಲ, ತಾವೇ ಬಡಿಸಲ್ಲ. ಬಟ್ಟಲನ್ನ ನಡುವೆ ಇಟ್ಟು ಆ ಕಡೆ ತಿರುಗಿ ಕೂರ್ತಾರೆ.

ನೈಟ್ ಹಾಲ್ಟಿನ ಅಜ್ಜಿ ಮನೆಗೆ ನಾನೇ ಹೋಗಿ "ಒಂದು ಚೊಂಬು ಮಜ್ಜಿಗೆ ಕೊಡಿ ಅವ್ವಾ, ಡಾಕ್ಟರು ಕುಡೀಬಹುದು ಅಂದ್ರು" ಅಂದೆ. ಕೈ ನೋಡಿದ್ರು. "ಇದಕ್ಕಾ ಬ್ಯಾಡ ಅಂತಿದ್ದೆ? ನಮ್ಮ ಯಜಮಾನರಿಗೂ ಇತ್ತಲ್ಲೋ, 80 ವರ್ಷ ಬಾಳಿದ್ರು" ಅಂದ್ರು. ಮಜ್ಜಿಗೆಗೆ ಉಪ್ಪು ಸ್ವಲ್ಪ ಜಾಸ್ತಿಯೇ ಇತ್ತು.

ಒಂದು ಕೇಳೋದಿದೆ. ಬ್ಯಾಗಿನ ಪಟ್ಟಿಗೆ ಟವೆಲ್ ಸುತ್ತಿಕೊಂಡು ನೋಡಿದೆ, ಬಸ್ ತುಂಬಿದಾಗ ಜಾರಿ ಬೀಳುತ್ತೆ. ಭುಜ ಬದಲಾಯಿಸಿದ್ರೆ ಟಿಕೆಟ್ ಮೆಷಿನ್ ಹಿಡಿಯೋ ಕೈಗೆ ಅಡ್ಡ. ಮೆತ್ತನೆಯ ಅಗಲ ಪಟ್ಟಿ ಎಲ್ಲಾದ್ರೂ ಸಿಗುತ್ತಾ?

---

ಹೊಲಿಗಿ ಅಕ್ಕ · ಶನಿವಾರ ರಾತ್ರಿ 9:50

ಅಂಗಡ್ಯಾಗ ಯಾಕ ಹುಡಕ್ತೀರಿ ಅಣ್ಣಾರ, ನಾ ಏನ ಸತ್ತೀನೇನ? ಹಳೇ ಕಾಟನ್ ಸೀರಿ ನಾಕ ಪದರ ಮಡಚಿ, ಒಳಗ ಹತ್ತಿ ಇಟ್ಟು ಕೌದಿ ಹೊಲದಂಗ ಹೊಲದು ಕೊಡ್ತೀನಿ. ಎರಡೂ ತುದಿಗೆ ಗುಂಡಿ ಹಚ್ಚತೀನಿ, ಪಟ್ಟಿಗೆ ಸುತ್ತಿ ಹಾಕಿದ್ರ ಜಾರೂದಿಲ್ಲ, ಬಿಚ್ಚಿ ಒಗಿಲಿಕ್ಕೂ ಬರ್ತೈತಿ. ನಮ್ಮೂರಿಂದ ನಿಮ್ಮ ಕಡೆ ಬರೂ ಬಸ್ಸಿನ ಕಂಡಕ್ಟರ್ ಕೈಯಾಗ ಕೊಟ್ಟು ಕಳಸಿದ್ರ ಆತು. ಪಟ್ಟಿ ಅಗಲ ಎಷ್ಟೈತಿ, ಭುಜದ ಮ್ಯಾಲೆ ಎಷ್ಟು ಉದ್ದ ಬರ್ತೈತಿ, ಟೇಪ್ ಹಿಡದು ಬರೀರಿ. ಎರಡೂವರಿ ಇಂಚ ಅಗಲ ಸಾಕೇನ್ರಿ?